ಟಿವಿಯಲ್ಲಿ ಗೆದ್ದ ಮೇಲೆ ಕಾಸರಗೋಡಿನಲ್ಲೇ ನಿಂತು ಕನ್ನಡ ರಾಕ್ ಹಾಡಿದೆ: ನನ್ನ ಅನುಭವ

ಈ ಸೀಸನ್ನಿನಲ್ಲಿ ನಮ್ಮ ಬ್ಯಾಂಡಿಗೆ ಹತ್ತಿರ ಹತ್ತಿರ 40 ಶೋ ಸಿಕ್ಕಿದವು. ಹೆಚ್ಚಿನವು ಕೇರಳದ ಗಡಿ ಜಿಲ್ಲೆಯಾದ ನಮ್ಮ ಕಾಸರಗೋಡಿನ ಕುಂಬಳೆ, ಬದಿಯಡ್ಕ, ಪೆರ್ಲ, ಮುಳ್ಳೇರಿಯ, ಉಪ್ಪಳ, ಮಂಜೇಶ್ವರ ಕಡೆಯ ಜಾತ್ರೆ, ಬ್ರಹ್ಮಕಲಶ, ಕ್ಲಬ್ಬುಗಳ ವಾರ್ಷಿಕೋತ್ಸವ. ಉಳಿದವು ತಲಪಾಡಿಯ ರಾಜ್ಯ ಗಡಿ ದಾಟಿ ಮಂಗಳೂರು, ಪುತ್ತೂರು ಕಡೆಗೆ. ಒಂದೂವರೆ ಗಂಟೆಯ ಕಾರ್ಯಕ್ರಮದಲ್ಲಿ ಮುಕ್ಕಾಲು ಪಾಲು ನಮ್ಮದೇ ಹಾಡು. ಕನ್ನಡದಲ್ಲಿ, ಡಿಸ್ಟಾರ್ಷನ್ ಗಿಟಾರ್, ಡ್ರಮ್ಸ್ ಸಮೇತ. "ಜಾತ್ರೆಯಲ್ಲಿ ರಾಕ್ ನಡೆಯುವುದಿಲ್ಲ, ಅದೂ ಕನ್ನಡದಲ್ಲಿ ಇಲ್ಲವೇ ಇಲ್ಲ" ಅಂತ ಹೇಳಿದವರು ಒಬ್ಬಿಬ್ಬರಲ್ಲ. ಅವರಲ್ಲಿ ಕೆಲವರು ಈಗ ತಮ್ಮ ಊರಿನ ಜಾತ್ರೆಗೆ ಡೇಟ್ ಕೇಳಿ ಫೋನ್ ಮಾಡುತ್ತಾರೆ. ಅದಕ್ಕೇ ಬರೆಯಲು ಕೂತೆ. ಟಿವಿ ಸ್ಪರ್ಧೆಯಲ್ಲಿ ಹೆಸರು ಮಾಡಿ, ಆಮೇಲೆ ದಾರಿ ಕಾಣದೆ ಊರೂರಲ್ಲಿ ಟ್ರ್ಯಾಕ್ (ರೆಕಾರ್ಡ್ ಆದ ಸಂಗೀತ) ಹಾಕಿ ಹಾಡುತ್ತಿರುವ ಹುಡುಗ ಹುಡುಗಿಯರು ನನ್ನ ಪರಿಚಯದಲ್ಲೇ ಏಳೆಂಟು ಜನ ಇದ್ದಾರೆ. ಅವರಿಗೆ ಉಪಯೋಗಕ್ಕೆ ಬರಲಿ. ಮೈಕ್ ಹಿಡಿಯುವುದು ಹೇಗೆ, ಕಾರ್ಡ್ಸ್ ಯಾವುದು ಅಂತೆಲ್ಲ ಇಲ್ಲಿ ಹೇಳುವುದಿಲ್ಲ. ಅದು ನಿಮಗೆ ಗೊತ್ತೇ ಇರುತ್ತದೆ.

ಮೊದಲು ದುಡ್ಡಿನ ವಿಷಯ ಹೇಳಿಬಿಡುತ್ತೇನೆ. ಯಾಕೆಂದರೆ ಇದನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ.

ನಾನು ಗೆದ್ದದ್ದು ಒಂದು ಕನ್ನಡ ಚಾನೆಲ್‌ನ ಹಾಡಿನ ಸ್ಪರ್ಧೆ. ರಾಕ್ ಹಾಡುವವನು ಅಂತಲೇ ನನ್ನನ್ನು ತೋರಿಸಿದರು. ಹಳೆಯ ಸಿನಿಮಾ ಹಾಡುಗಳನ್ನು ಗಿಟಾರಿಗೆ ಕೂರಿಸಿ, ಗಂಟಲು ಬಿಚ್ಚಿ ಹಾಡಿದೆ. ವೋಟು ಬಂದದ್ದು ಜಾಸ್ತಿ ಕಾಸರಗೋಡು, ದಕ್ಷಿಣ ಕನ್ನಡದಿಂದ. ಬದಿಯಡ್ಕ ಪೇಟೆಯಲ್ಲಿ ನನ್ನ ಫ್ಲೆಕ್ಸ್ ಹಾಕಿದ್ದರು, ಅಂಗಡಿಯವರು ಗಿರಾಕಿಗಳ ಫೋನ್ ಇಸಿದುಕೊಂಡು ವೋಟು ಹಾಕಿಸಿದ್ದರು. ಆ ಋಣ ನನ್ನ ಮೇಲೆ ಉಂಟು. ಬಹುಮಾನ 10 ಲಕ್ಷ ಅಂತ ಸ್ಟೇಜಲ್ಲಿ ಘೋಷಣೆ ಆಯಿತು. ಅದರಲ್ಲಿ ಅರ್ಧದಷ್ಟು ನಗದು, ಉಳಿದದ್ದು ಪ್ರಾಯೋಜಕರ ವಸ್ತು ಮತ್ತು ವೋಚರ್. ಟಿವಿ ಸ್ಪರ್ಧೆಯ ಬಹುಮಾನಕ್ಕೆ 30 ಪರ್ಸೆಂಟ್ ಟಿಡಿಎಸ್. ಲಾಟರಿ ಹೊಡೆದವರಿಗೆ ಯಾವ ಸೆಕ್ಷನ್ನೋ ಇದಕ್ಕೂ ಅದೇ. ವಸ್ತುವಿನ ಬೆಲೆಗೂ ತೆರಿಗೆ ಬೀಳುತ್ತದೆ, ಅದನ್ನೂ ನಗದಿನಿಂದಲೇ ಹಿಡಿದರು. ಹಾಗಾಗಿ ಬ್ಯಾಂಕಿಗೆ ಬಂದದ್ದು 2 ಲಕ್ಷದ ಆಚೀಚೆ. ಸ್ಪರ್ಧೆ ನಡೆಯುವಾಗ ಬಟ್ಟೆ, ಬೆಂಗಳೂರಿನ ಓಡಾಟ, ರೂಮು ಅಂತ ಕೈಯಿಂದ ಒಂದೂವರೆ ಲಕ್ಷ ಹೋಗಿತ್ತು. ಆ ಖರ್ಚನ್ನು ಬಹುಮಾನದಿಂದ ಕಳೆದು ತೆರಿಗೆ ಕಟ್ಟುವ ಹಾಗಿಲ್ಲ, ಕಾನೂನಿನಲ್ಲಿ ಅವಕಾಶವೇ ಇಲ್ಲ. ಗೆದ್ದು ಮನೆಗೆ ಬಂದಾಗ ನನ್ನ ಹತ್ತಿರ ಲೆಕ್ಕಕ್ಕೆ ಉಳಿದದ್ದು ಐವತ್ತು ಸಾವಿರ, ಒಂದು ಫ್ರಿಜ್, ಮತ್ತೆ ಹಾಕಿಕೊಳ್ಳಲಾಗದ ಒಂದಷ್ಟು ಮಿಂಚು ಜಾಕೆಟ್.

ಇನ್ನೊಂದು, ಕಾಂಟ್ರಾಕ್ಟ್. ಫೈನಲಿಗೆ ಬರುವ ಮೊದಲೇ ಸಹಿ ಹಾಕಿಸುತ್ತಾರೆ. ನಾನು ಸಹಿ ಹಾಕುವ ಮೊದಲು ಕಾಸರಗೋಡಿನ ವಕೀಲರೊಬ್ಬರಿಗೆ ಓದಲು ಕೊಟ್ಟೆ. 1500 ರೂಪಾಯಿ ತೆಗೆದುಕೊಂಡರು. ನನ್ನ ಜೀವನದಲ್ಲಿ ಅಷ್ಟು ಒಳ್ಳೆಯ ಖರ್ಚು ಬೇರೆ ಮಾಡಿಲ್ಲ. ಕಾಂಟ್ರಾಕ್ಟಿನಲ್ಲಿ ಇದ್ದದ್ದು ಇದು: ಒಂದು ವರ್ಷದ ಮೇಲೆ ಚಿಲ್ಲರೆ ಕಾಲ ಎಲ್ಲ ಶೋಗಳ 30 ಪರ್ಸೆಂಟ್ ಮ್ಯಾನೇಜ್‌ಮೆಂಟಿನವರಿಗೆ, ಬೇರೆ ಚಾನೆಲ್‌ನಲ್ಲಿ ಹಾಡುವ ಹಾಗಿಲ್ಲ, ಆ ಅವಧಿಯಲ್ಲಿ ನಾನು ಬರೆದ ಹಾಡಿನ ಸಕಲ ಹಕ್ಕೂ ಅವರಿಗೆ. ಈ ಮೂರನೆಯದನ್ನು ವಕೀಲರು ಕೆಂಪು ಪೆನ್ನಲ್ಲಿ ಗೀಚಿದರು. 2012ರಲ್ಲಿ ಕಾಪಿರೈಟ್ ಕಾಯಿದೆಗೆ ತಿದ್ದುಪಡಿ ಬಂದ ಮೇಲೆ, ಹಾಡು ಬರೆದವರ, ರಾಗ ಹಾಕಿದವರ ರಾಯಲ್ಟಿ ಹಕ್ಕನ್ನು ಕಂಪನಿಗೆ ಬರೆದುಕೊಡಲು ಆಗುವುದಿಲ್ಲ. ವಾರಸುದಾರರಿಗೆ ಅಥವಾ ಕಾಪಿರೈಟ್ ಸೊಸೈಟಿಗೆ ಮಾತ್ರ ಕೊಡಬಹುದು. ಅದನ್ನು ಹಿಡಿದುಕೊಂಡು ಮಾತಾಡಿ ಆ ಕಲಮನ್ನೇ ತೆಗೆಸಿದೆ. ಅವರು ಮುಖ ಗಂಟು ಹಾಕಿದರು, ಆದರೆ ಶೂಟಿಂಗ್ ಅಷ್ಟು ಮುಂದೆ ಹೋದ ಮೇಲೆ ನನ್ನನ್ನು ಹೊರಗೆ ಹಾಕುವ ಸ್ಥಿತಿಯಲ್ಲಿ ಅವರು ಇರಲಿಲ್ಲ. ಅದು ನನಗೆ ಗೊತ್ತಿತ್ತು.

ಗೆದ್ದ ಮೊದಲ ನಾಲ್ಕೈದು ತಿಂಗಳು ಒಳ್ಳೆಯ ಡಿಮ್ಯಾಂಡ್. ಮೂರು ಹಾಡು, ಟ್ರ್ಯಾಕ್ ಹಾಕಿ, ಸೆಲ್ಫಿ ಕೊಟ್ಟು ಬರುವುದು, 60 ಸಾವಿರ. ಅದರಲ್ಲಿ ಅವರ ಪಾಲು ಹೋಗಿ, ಟಿಡಿಎಸ್ ಹೋಗಿ, ಕಾರಿನ ಬಾಡಿಗೆ ಹೋಗಿ ಮೂವತ್ತರ ಹತ್ತಿರ ಉಳಿಯುತ್ತಿತ್ತು. ಮುಂದಿನ ಸೀಸನ್‌ನ ಪ್ರೋಮೋ ಟಿವಿಯಲ್ಲಿ ಬಂತು ನೋಡಿ, ರೇಟ್ 25ಕ್ಕೆ ಇಳಿಯಿತು. ಹೊಸ ವಿನ್ನರ್ ಬಂದ ಮೇಲೆ 12. ಏಜೆಂಟರೊಬ್ಬರು ನೇರವಾಗಿಯೇ ಹೇಳಿದರು: "ತಮ್ಮ, ಈಗ ಹೊಸ ಮುಖ ಕೇಳ್ತಾರೆ. ನಿನ್ನನ್ನು ನೋಡಿ ಆಯ್ತಲ್ಲ." ಸರಿಯಾದ ಮಾತು. ಜನ ನನ್ನನ್ನು ನೋಡಿ ಆಗಿತ್ತು. ನನ್ನ ಹಾಡನ್ನು ಇನ್ನೂ ಕೇಳಿರಲಿಲ್ಲ. ಕೇಳಲು ಹಾಡೇ ಇರಲಿಲ್ಲ, ಎಲ್ಲವೂ ಬೇರೆಯವರದ್ದು.

ಆ ಮಳೆಗಾಲ ಪೂರ್ತಿ ಮನೆಯಲ್ಲಿ ಕೂತು ಬೇರೆ ದೇಶದ ಟಿವಿ ವಿನ್ನರ್‌ಗಳ ಕಥೆ ಓದಿದೆ. ರಾಕ್ ಹಾಡಿ ಗೆದ್ದವರದ್ದು ಮಾತ್ರ. ಡೇವಿಡ್ ಕುಕ್ ನಿಮಗೆ ಗೊತ್ತಿರಬಹುದು. 2008ರಲ್ಲಿ ಅಮೆರಿಕನ್ ಐಡಲ್‌ನ ಏಳನೇ ಸೀಸನ್ ಗೆದ್ದವನು. ಫೈನಲಿಗೆ ಒಟ್ಟು 9 ಕೋಟಿ 70 ಲಕ್ಷದಷ್ಟು ವೋಟು ಬಿದ್ದಿತ್ತು, ಇವನು 1 ಕೋಟಿ 20 ಲಕ್ಷದ ಅಂತರದಲ್ಲಿ ಗೆದ್ದ. ತಮ್ಮನ ಆಡಿಷನ್‌ಗೆ ಜೊತೆಗೆ ಹೋದವನು ತಾನೂ ಹಾಡಿಬಂದ ಕಥೆಯನ್ನೇ ಎಲ್ಲರೂ ಹೇಳುತ್ತಾರೆ. ನನಗೆ ಮುಖ್ಯ ಅನಿಸಿದ್ದು ಬೇರೆ. ಅವನು ಅಲ್ಲಿಗೆ ಹೋಗುವ ಮೊದಲೇ ವರ್ಷಗಟ್ಟಲೆ ಬ್ಯಾಂಡ್‌ನಲ್ಲಿ ಹಾಡಿದ್ದ, ಬಾರ್‌ನಲ್ಲಿ ಕೆಲಸ ಮಾಡಿಕೊಂಡು 2006ರಲ್ಲೇ ಸ್ವಂತ ಖರ್ಚಿನ ಆಲ್ಬಮ್ ತಂದಿದ್ದ. ಗೆದ್ದ ವರ್ಷವೇ ಬಂದ ದೊಡ್ಡ ಕಂಪನಿಯ ಆಲ್ಬಮ್ 10 ಲಕ್ಷ ದಾಟಿತು, 2011ರದ್ದು ಅಷ್ಟು ಓಡಲಿಲ್ಲ, 2012ರಲ್ಲಿ ಕಂಪನಿಯೂ ಅವನೂ ಬೇರೆ ಆದರು. ಆಮೇಲೂ ಅವನು ಹಾಡುತ್ತಲೇ ಇದ್ದಾನೆ, ತನ್ನ ಹಾಡು ತಾನೇ ತರುತ್ತಾನೆ. ಅವನಿಗಿಂತ ಎರಡು ವರ್ಷ ಮೊದಲು ಕ್ರಿಸ್ ಡಾಟ್ರಿ ಅದೇ ಸ್ಪರ್ಧೆಯಲ್ಲಿ ನಾಲ್ಕನೆಯವನಾಗಿ ಹೊರಗೆ ಬಿದ್ದ. ಬಂದವನೇ ಬ್ಯಾಂಡ್ ಕಟ್ಟಿದ. ಅದೇ ವರ್ಷದ ಕೊನೆಗೆ ಬಂದ ಆಲ್ಬಮ್ ಅಮೆರಿಕದಲ್ಲೇ 40 ಲಕ್ಷಕ್ಕೂ ಜಾಸ್ತಿ ಹೋಯಿತು. ಇಟಲಿಯ ಮೋನೆಸ್ಕಿನ್ ಬ್ಯಾಂಡ್ 2017ರಲ್ಲಿ ಅಲ್ಲಿನ ಎಕ್ಸ್ ಫ್ಯಾಕ್ಟರ್‌ನಲ್ಲಿ ಎರಡನೆಯದಾಗಿ, 2021ರಲ್ಲಿ ಯೂರೋವಿಷನ್ ಗೆದ್ದಿತು. ಇಟಾಲಿಯನ್ ಭಾಷೆಯಲ್ಲೇ ಹಾಡಿ.

ನಾಲ್ಕನೆಯವನು ಆ ವರ್ಷ ಗೆದ್ದವನನ್ನೇ ದಾಟಿ ಹೋದ ಅಂದರೆ ಟ್ರೋಫಿ ಕೆಲಸ ಮಾಡಿದ್ದಲ್ಲ, ಬ್ಯಾಂಡ್ ಮಾಡಿದ್ದು. ಸ್ವಂತ ಬ್ಯಾಂಡ್, ಸ್ವಂತ ಹಾಡು. ನಾನು ಇದಕ್ಕೆ ಮೂರನೆಯದೊಂದು ಸೇರಿಸಿದೆ: ಸ್ವಂತ ಸೌಂಡ್. ಅಮೆರಿಕದವರಿಗೆ ಅದು ಬೇಕಾಗಿರಲಿಕ್ಕಿಲ್ಲ, ನಮಗೆ ಬೇಕೇ ಬೇಕು. ಯಾಕೆ ಅಂತ ಹೇಳುತ್ತೇನೆ.

ಬೆಂಗಳೂರಿಗೆ ಹೋಗು ಅಂತ ಎಲ್ಲರೂ ಹೇಳಿದರು. ಕೊಚ್ಚಿಗೆ ಹೋಗು ಅಂದವರೂ ಇದ್ದರು, ಮಲಯಾಳಂ ನಿನಗೆ ಬರುತ್ತದಲ್ಲ ಅಂತ. ಮಲಯಾಳಂ ರಾಕಿಗೆ ಕೇರಳದಲ್ಲಿ ಕೇಳುವವರು ಇದ್ದಾರೆ ಎಂಬುದು ನಿಜ. ಅವಿಯಲ್ ಬ್ಯಾಂಡ್ 2008ರಲ್ಲೇ ಆಲ್ಬಮ್ ತಂದಿತ್ತು. ಕನ್ನಡದಲ್ಲೂ ರಘು ದೀಕ್ಷಿತ್ ಶಿಶುನಾಳ ಶರೀಫರ ಪದಗಳನ್ನು ಗಿಟಾರಿನ ಮೇಲೆ ತಂದು ಜನರನ್ನು ಕುಣಿಸಿದ್ದಾರೆ. ಆದರೆ ಅದೆಲ್ಲ ಸಿಟಿಯ ಮಾತು, ಟಿಕೆಟ್ ತೆಗೆದು ಬರುವವರ ಮಾತು. ನನ್ನ ಲೆಕ್ಕ ಸರಳವಾಗಿತ್ತು. ಕುಂಬಳೆಯಿಂದ ತಲಪಾಡಿ ತನಕ, ಒಳಗೆ ಪೆರ್ಲ, ಆದೂರು, ಮುಳ್ಳೇರಿಯ ತನಕ ಎಷ್ಟು ದೇವಸ್ಥಾನ, ಭಜನಾ ಮಂದಿರ, ಯುವಕ ಮಂಡಲ! ನವೆಂಬರ್‌ನಿಂದ ಪತ್ತನಾಜೆ (ಮೇ ಕೊನೆಯ ಹೊತ್ತಿಗೆ ಜಾತ್ರೆ, ಆಟಗಳ ಕಾಲ ಮುಗಿಯುವ ದಿನ) ತನಕ ದಿನಾ ಎಲ್ಲೋ ಒಂದು ಕಡೆ ಸ್ಟೇಜ್ ಉಂಟು, ಜನ ಉಂಟು, ಸಮಿತಿಯ ಕೈಯಲ್ಲಿ ದುಡ್ಡು ಉಂಟು. ರಾತ್ರಿಯಿಡೀ ಕೂತು ಯಕ್ಷಗಾನದ ಆಟ ನೋಡುವ ಊರು ಇದು. ಚೆಂಡೆಯ ಸದ್ದಿಗೆ ಹೆದರದ ಜನ ಡ್ರಮ್ಸಿಗೆ ಹೆದರುತ್ತಾರಾ?

ಸಮಿತಿಯವರು ಮಾತ್ರ ಹೆದರಿದರು. "ಎಂತ ಮಾರಾಯ, ಬೊಬ್ಬೆ ಹಾಕುವುದಾ? ಹಿರಿಯರು ಎದ್ದು ಹೋಗ್ತಾರೆ" ಅಂದರು ಒಬ್ಬರು. ಇನ್ನೊಬ್ಬರು "ಟಿವಿಯಲ್ಲಿ ಹಾಡಿದ್ದನ್ನೇ ಹಾಡು, ಇಪ್ಪತ್ತು ಕೊಡ್ತೇವೆ. ಬ್ಯಾಂಡ್ ಬೇಡ" ಅಂದರು. ನಾನು ಬ್ಯಾಂಡ್ ಸಮೇತ ಇಪ್ಪತ್ತಕ್ಕೆ ಒಪ್ಪಿದೆ. ಐದು ಜನ, ಒಂದು ಪಿಕಪ್. ಮೊದಲ ವರ್ಷ ಪೂರ್ತಿ ಕೈಯಿಂದಲೇ ಹಾಕಿದ್ದು.

ಆ ಮೊದಲ ಶೋಗಳು ಕೆಟ್ಟದಾಗಿಯೇ ಆದವು. ಕಾರಣ ಹಾಡಲ್ಲ, ಸೌಂಡ್. ನಮ್ಮ ಕಡೆಯ ಮೈಕಿನವರು ಭಜನೆ, ಭಾಷಣ, ಯಕ್ಷಗಾನಕ್ಕೆ ಹೇಳಿ ಮಾಡಿಸಿದವರು. ಭಾಗವತರ ಮೈಕ್, ಚೆಂಡೆ ಮದ್ದಳೆಗೆ ಒಂದೊಂದು, ಮಾತಿಗೆ ಮೇಲಿನಿಂದ ಇಳಿಬಿಟ್ಟ ಮೈಕ್. ಅಷ್ಟನ್ನು ಕಣ್ಣು ಮುಚ್ಚಿ ಮಾಡುತ್ತಾರೆ, ಅದರಲ್ಲಿ ಅವರು ಗಟ್ಟಿಗರು. ಆದರೆ ಎರಡು ಗಿಟಾರ್, ಬೇಸ್, ಡ್ರಮ್ಸ್, ಕೀಬೋರ್ಡ್, ಮೂರು ದನಿ ಒಟ್ಟಿಗೆ ಬಂದರೆ ಎಲ್ಲವನ್ನೂ ಮೇಲೆ ಎತ್ತುತ್ತಾರೆ. ನನ್ನ ದನಿ ಕೇಳುವುದಿಲ್ಲ. ನಾನು ಕಿರುಚುತ್ತೇನೆ. ಅವರು ನನ್ನ ಮೈಕ್ ಎತ್ತುತ್ತಾರೆ, ಕೂಂಯ್ ಅಂತ ಫೀಡ್‌ಬ್ಯಾಕ್. ಮೂರನೇ ಹಾಡಿಗೆ ಹಿಂದಿನ ಸಾಲು ಖಾಲಿ. ಒಂದು ಕಡೆಯಂತೂ ಸ್ವಯಂಸೇವಕರೇ ಬಂದು ಗಿಟಾರ್ ಆಂಪ್‌ನ ಸ್ವಿಚ್ ಆಫ್ ಮಾಡಿದರು. ಜನ ರಾಕ್ ಬೇಡ ಅಂದದ್ದಲ್ಲ, ಕಿವಿ ನೋಯುತ್ತದೆ ಅಂದದ್ದು. ಇದು ಅರ್ಥವಾದ ಮೇಲೆ ಮುಂದಿನ ದಾರಿ ಸಲೀಸಾಯಿತು.

ಉಳಿದ ದುಡ್ಡು, ಬಹುಮಾನದ ಫ್ರಿಜ್ ಮಾರಿದ್ದು, ಅಕ್ಕನಿಂದ ತಂದ ಸಾಲ ಎಲ್ಲ ಸೇರಿಸಿ ಒಂದೂಮುಕ್ಕಾಲು ಲಕ್ಷದಷ್ಟು ಸೌಂಡಿಗೆ ಹಾಕಿದೆ. ಬಾಕ್ಸ್, ಬೇಸ್ ಬಿನ್ ತೆಗೆಯಲಿಲ್ಲ. ಅದು ಸ್ಥಳೀಯ ಮೈಕಿನವರದ್ದೇ ಇರಲಿ, ಅವರ ಹೊಟ್ಟೆಪಾಡಿಗೆ ಅಡ್ಡ ಹೋಗಬಾರದು. ನಾವು ತೆಗೆದದ್ದು ಮಧ್ಯದ ಭಾಗ: ಬೆರಿಂಗರ್ ಎಕ್ಸ್‌ಆರ್18 ಮಿಕ್ಸರ್, ಅದನ್ನು ನಡೆಸಲು ಒಂದು ಹಳೆಯ ಟ್ಯಾಬ್, ನಮ್ಮ ಸದ್ದು ನಮಗೆ ಕೇಳಲು ಕಿವಿಗೆ ಹಾಕುವ ಇನ್-ಇಯರ್‌ಗಳು, ವಾದ್ಯವನ್ನು ನೇರ ಮಿಕ್ಸರಿಗೆ ಜೋಡಿಸುವ ಡಿಐ ಬಾಕ್ಸ್, ಡ್ರಮ್ ಮೈಕ್ ಸೆಟ್, ನಮ್ಮದೇ ಕೇಬಲ್‌ಗಳು. ನಮ್ಮ ಕಡೆಯಿಂದ ಮೈಕಿನವರಿಗೆ ಹೋಗುವುದು ಎರಡೇ ಎರಡು ವಯರ್, ಎಡ ಮತ್ತು ಬಲ. "ಅಣ್ಣ, ಇದನ್ನು ಇಷ್ಟಕ್ಕೆ ಇಟ್ಟು ಬಿಡಿ, ಮತ್ತೆ ಚಾ ಕುಡಿದು ಬನ್ನಿ" ಅನ್ನುತ್ತೇನೆ. ಅವರಿಗೂ ಖುಷಿ. ಗಿಟಾರ್ ಆಂಪ್ ಸ್ಟೇಜಿಗೇ ತರುವುದಿಲ್ಲ. ಗಿಟಾರಿನ ಸದ್ದು ಬದಲಿಸುವ ಮಲ್ಟಿ ಎಫೆಕ್ಟ್ಸ್‌ನಿಂದ ನೇರ ಮಿಕ್ಸರಿಗೆ. ಗಿಟಾರಿಸ್ಟ್ ನಾಲ್ಕು ದಿನ ನನ್ನ ಹತ್ತಿರ ಮಾತು ಬಿಟ್ಟಿದ್ದ. ಆಂಪ್ ಇಲ್ಲದ ರಾಕ್ ರಾಕೇ ಅಲ್ಲ ಅಂತ ಅವನ ವಾದ. ಎದುರು ಕೂತ ಅಜ್ಜಿಗೆ ನನ್ನ ಒಂದೊಂದು ಶಬ್ದ ಕೇಳಿಸಿದ ದಿನ ಒಪ್ಪಿಕೊಂಡ.

ದನಿಯ ಮೈಕ್ ಮೊದಲು ಎಸ್‌ಎಂ58 ಇತ್ತು, ಈಗ ಬೀಟಾ 58. ಇದರ ಹಿಡಿತ ಸ್ವಲ್ಪ ಚೂಪು, ಪಕ್ಕದ ಸಿಂಬಲ್ ಸದ್ದು ಒಳಗೆ ಕಡಿಮೆ ಬರುತ್ತದೆ. ಆದರೆ ಹಾಡುವವನಿಗೆ ಕೇಳಲು ಇಡುವ ಮಾನಿಟರ್ ಬಾಕ್ಸ್ ನೇರ ಎದುರಿಗೆ ಇಟ್ಟರೆ ಕೂಗುತ್ತದೆ, ಸ್ವಲ್ಪ ಬದಿಗೆ ಇಡಬೇಕು. ಇದು ಎಷ್ಟೋ ಜನರಿಗೆ ಗೊತ್ತಿಲ್ಲದೆ ಮೈಕನ್ನೇ ಬೈಯುತ್ತಾರೆ. ನಾನು ದನಿಗೆ 120 ಹರ್ಟ್ಸ್‌ನ ಕೆಳಗಿನದ್ದೆಲ್ಲ ಕತ್ತರಿಸುತ್ತೇನೆ. ಗಿಟಾರುಗಳಲ್ಲಿ 3 ಕಿಲೋಹರ್ಟ್ಸ್‌ನ ಆಸುಪಾಸು ಒಂದು ಹೊಂಡ ತೋಡುತ್ತೇನೆ, ಅಂದರೆ ಅಲ್ಲಿ ಸದ್ದು ತಗ್ಗಿಸುತ್ತೇನೆ, ಕನ್ನಡದ ಅಕ್ಷರ ಸ್ಪಷ್ಟ ಆಗುವುದು ಆ ಜಾಗದಲ್ಲಿ. ಎಷ್ಟು ಡಿಬಿ, ಎಷ್ಟು ಅಗಲ ಎಂಬುದನ್ನು ಮಾತ್ರ ಹೇಳಲಾರೆ. ಅದು ಎರಡು ವರ್ಷದ ದುಡಿಮೆ. ನಿಮ್ಮ ಗಿಟಾರಿಗೆ ಬೇರೆಯೇ ಬೇಕಾಗಬಹುದು.

ಇನ್ನೊಂದು ದೊಡ್ಡ ಸಮಸ್ಯೆ ಸಮಯ. ನಮಗೆ ಸಿಗುವುದು ಸಭಾ ಕಾರ್ಯಕ್ರಮ ಮುಗಿದ ಮೇಲೆ. ಭಾಷಣ ಯಾವತ್ತೂ ಹೊತ್ತಿಗೆ ಮುಗಿಯುವುದಿಲ್ಲ. ಅತ್ತ ರಾತ್ರಿ 10ರ ಮೇಲೆ ಧ್ವನಿವರ್ಧಕ ಹಾಕುವ ಹಾಗಿಲ್ಲ, 2000ದ ಶಬ್ದಮಾಲಿನ್ಯ ನಿಯಮ. ಸರ್ಕಾರ ವರ್ಷಕ್ಕೆ 15 ದಿನದ ಮಟ್ಟಿಗೆ 12ರ ತನಕ ಸಡಿಲಿಸಬಹುದು, ಅದು ಎಲ್ಲ ಜಾತ್ರೆಗೂ ಸಿಗುವುದಿಲ್ಲ. ಎಂಟೂವರೆಗೆ ಸ್ಟೇಜ್ ಸಿಕ್ಕಿ ಸೌಂಡ್ ಚೆಕ್ಕಿಗೆ ಒಂದು ಗಂಟೆ ಹೋದರೆ ಹಾಡುವುದು ಯಾವಾಗ? ಹಾಗಾಗಿ ನಾವು ಡ್ರಮ್ಸನ್ನು ಚಕ್ರದ ಹಲಗೆಯ ಮೇಲೆ ಮೈಕ್ ಸಮೇತ ಮೊದಲೇ ಕಟ್ಟಿ ಪರದೆಯ ಹಿಂದೆ ಇಟ್ಟಿರುತ್ತೇವೆ. ಹಲಗೆ ನಮ್ಮ ಊರಿನ ಆಚಾರಿಯೊಬ್ಬರು ಮಾಡಿಕೊಟ್ಟದ್ದು, ಹಲಸಿನ ಮರದ್ದು, 4 ಸಾವಿರ ಆಯಿತು. ಮಿಕ್ಸರ್‌ನಲ್ಲಿ ಸೀನ್, ಅಂದರೆ ಸೆಟ್ಟಿಂಗ್, ಮೊದಲೇ ಸೇವ್ ಆಗಿರುತ್ತದೆ: ಹಾಲ್‌ಗೆ ಒಂದು, ಗದ್ದೆಗೆ ಒಂದು, ತಗಡು ಶೀಟಿನ ಚಪ್ಪರಕ್ಕೆ ಒಂದು. ಪರದೆ ಬಿದ್ದು ಏಳುವುದರೊಳಗೆ, ಅಂದರೆ ಹತ್ತು ಹನ್ನೆರಡು ನಿಮಿಷದಲ್ಲಿ, ಹಾಡು ಶುರು. ಸನ್ಮಾನದ ಶಾಲು ಹೊದೆಸಿದ ಕುರ್ಚಿಗಳು ಇಳಿಯುವ ಮೊದಲೇ ನಮ್ಮ ಡ್ರಮ್ಮರ್ ಸ್ಟೂಲಿನಲ್ಲಿ ಕೂತಿರುತ್ತಾನೆ. ಈ ಹತ್ತು ನಿಮಿಷದ ಸೆಟಪ್‌ಗೇ ಎಷ್ಟೋ ಸಮಿತಿಯವರು ನಮ್ಮನ್ನು ಮರುವರ್ಷ ಕರೆದದ್ದು.

ಹಾಡಿನ ಕಥೆಗೆ ಬರುತ್ತೇನೆ. ಎಲ್ಲಕ್ಕಿಂತ ಕಷ್ಟ ಇದು.

ಕನ್ನಡದಲ್ಲಿ ರಾಕ್ ಹಾಡುವಾಗ ತೊಂದರೆ ಎಲ್ಲಿ ಅಂದರೆ ಸಾಲಿನ ಕೊನೆಯಲ್ಲಿ. ನಮ್ಮ ಕ್ರಿಯಾಪದಗಳು ಕೊನೆಗೆ ಬಂದು ಎಷ್ಟೋ ಸಲ ಉಕಾರದಲ್ಲೋ ಇಕಾರದಲ್ಲೋ ನಿಲ್ಲುತ್ತವೆ. ಬಂದನು, ಹೋಯಿತು, ನೋಡಿ. ಮೇಲಿನ ಸ್ವರದಲ್ಲಿ ಎಳೆಯಬೇಕಾದ ಜಾಗ ಅದೇ. ಉಕಾರ ಎಳೆದರೆ ತುಟಿ ಮುಚ್ಚಿ ದನಿ ಒಳಗೇ ಸಾಯುತ್ತದೆ, ಇಕಾರ ಎಳೆದರೆ ಗಂಟಲು ಬಿಗಿಯುತ್ತದೆ. ನಾನು ಮಾಡಿದ್ದು ಇಷ್ಟು: ಎಳೆಯುವ ಜಾಗಕ್ಕೆ ಆ, ಏ, ಓ ಬರುವ ಹಾಗೆ ಸಾಲು ತಿರುಗಿಸಿದೆ. ಕರೆಯುವ ಮಾತು, ಪ್ರಶ್ನೆಯ ಮಾತು, ಬಾ, ತಾ, ಹೋಗೋ, ಯಾಕೋ, ಇವೆಲ್ಲ ಗಂಟಲು ಬಿಚ್ಚಲು ಹೇಳಿ ಮಾಡಿಸಿದವು. ಕ್ರಿಯಾಪದವನ್ನು ಸಾಲಿನ ನಡುವೆ ನುಗ್ಗಿಸಿದೆ. ಆಡುವಾಗ ನಾವು ಹಾಗೆ ಮಾಡುತ್ತೇವೆ ಅಲ್ವಾ, "ಬಂದ ನೋಡು ಅವನು" ಅಂತ. ಇದನ್ನು ಹಿಡಿದ ಮೇಲೆ ಹಾಡುಗಳು ಬಾಯಿಗೆ ಬಂದವು. ಮಕ್ಕಳು ಎರಡನೇ ಸಲಕ್ಕೆ ಜೊತೆಗೆ ಕೂಗಲು ಶುರು ಮಾಡಿದರು.

ದನಿಗೆ ನಾನು ಯಾವ ವೋಕಲ್ ಕೋಚ್ ಹತ್ತಿರವೂ ಹೋಗಲಿಲ್ಲ. ನಮ್ಮ ಊರಿನ ಹಿರಿಯ ಭಾಗವತರೊಬ್ಬರ ಹತ್ತಿರ ಹೋದೆ. ಯಕ್ಷಗಾನ ಪ್ರಸಂಗಗಳ ಹಳೆಯ ಕವಿ ಪಾರ್ತಿಸುಬ್ಬನ ಊರಿನವರು ನಾವು, ಎತ್ತರದ ಶ್ರುತಿಯಲ್ಲಿ ಗಂಟೆಗಟ್ಟಲೆ ಹಾಡುವ ವಿದ್ಯೆ ಕುಂಬಳೆ ಸೀಮೆಯಲ್ಲಿ ಎಷ್ಟೋ ತಲೆಮಾರಿನಿಂದ ಉಂಟು. ನಾನು ರಾಕ್ ಹಾಡುತ್ತೇನೆ ಎಂದಾಗ ಅವರು ನಗಲಿಲ್ಲ. "ಹಾಡಿ ತೋರಿಸು ಮಗಾ" ಅಂದರು. ಒಂದು ಹಾಡು ಕೇಳಿದವರೇ "ನೀನು ಹೊಟ್ಟೆಯಿಂದ ತೆಗೆಯುವುದು ಸರಿ ಉಂಟು. ಆದರೆ ಉಸಿರು ಪೂರ್ತಿ ಖಾಲಿ ಮಾಡ್ತಿ. ಕಾಲು ಭಾಗ ಒಳಗೆ ಇಟ್ಟುಕೋ" ಅಂದರು. ಅಷ್ಟೇ. ಆ ಕಾಲು ಭಾಗದ ಅಭ್ಯಾಸಕ್ಕೆ ಒಂದು ಮಳೆಗಾಲ ಹಿಡಿಯಿತು. ಮೊದಲು ಎರಡು ದಿನ ಸಾಲಾಗಿ ಶೋ ಇದ್ದರೆ ಮೂರನೇ ದಿನ ದನಿ ಇರುತ್ತಿರಲಿಲ್ಲ. ಈಗ ಐದು ದಿನ ಸಾಲಾಗಿ ಹಾಡುತ್ತೇನೆ. ಗಿಟಾರುಗಳನ್ನು ಅರ್ಧ ಸ್ವರ ಇಳಿಸಿದ್ದೇವೆ, ಅದೂ ಸಹಾಯ. ಒರಟು ದನಿ ಬೇಕಾದಲ್ಲಿ ಒಂದೊಂದು ಶಬ್ದಕ್ಕೆ ಮಾತ್ರ, ಇಡೀ ಸಾಲಿಗೆ ಇಲ್ಲ. ಶೋ ದಿನ ಬೆಳಿಗ್ಗೆ ಫೋನ್ ತೆಗೆಯುವುದಿಲ್ಲ.

ಭಾಗವತರ ಮನೆಗೆ ಹೋಗಿ ಬಂದ ಮೇಲೆ ಚೆಂಡೆಯ ಹುಚ್ಚು ಹಿಡಿಯಿತು. ಚೆಂಡೆಯನ್ನೂ ಡ್ರಮ್ಸನ್ನೂ ಒಟ್ಟಿಗೆ ಹಾಕಿದರೆ ಹೇಗೆ ಅಂತ. ಮಾಡಿ ನೋಡಿದವರೆಲ್ಲ ಚೆಂಡೆಯವರ ಕಿವಿಗೆ ಕ್ಲಿಕ್ (ಒಂದೇ ವೇಗದ ಟಿಕ್ ಟಿಕ್ ಸದ್ದು) ಕೊಟ್ಟು, ಅದರ ಲೆಕ್ಕಕ್ಕೇ ಕೂರಿಸುತ್ತಾರೆ. ನಾವೂ ಮೊದಲು ಹಾಗೇ ಮಾಡಿದೆವು. ಚೆಂಡೆ ಸಪ್ಪೆ ಆಯಿತು. ಯಕ್ಷಗಾನದಲ್ಲಿ ಕಾಲ ಏರುತ್ತಾ ಹೋಗಬೇಕು, ಕ್ಲಿಕ್ಕಿಗೆ ಕಟ್ಟಿದರೆ ಎಂತ ಏರುವುದು? ಆಮೇಲೆ ತಿರುಗಿಸಿದೆ. ಕ್ಲಿಕ್ ತೆಗೆದು, ಜಾಗಟೆಗೆ ಒಂದು ಮೈಕ್ ಇಟ್ಟು, ಅದನ್ನು ನಮ್ಮ ಡ್ರಮ್ಮರ್‌ನ ಕಿವಿಗೆ ಕೊಟ್ಟೆ. ಜಾಗಟೆ ನನ್ನ ಕೈಯಲ್ಲೇ. ಏಳಕ್ಷರದ ತ್ರಿವುಡೆಯಲ್ಲಿ ಒಂದು ಹಾಡು ಉಂಟು ನಮ್ಮದು. ರಾಕ್‌ನವರು ಏಳರ ಲೆಕ್ಕವನ್ನು ತುಂಬಾ ಕಷ್ಟದ್ದು ಎಂದು ಹೇಳಿಕೊಳ್ಳುತ್ತಾರೆ, ಇಲ್ಲಿ ಸಣ್ಣ ಮಕ್ಕಳು ಕೈಯಲ್ಲಿ ತಟ್ಟುತ್ತಾರೆ. ಕೊನೆಯ ಎರಡು ನಿಮಿಷ ಕಾಲ ಏರಿಸುತ್ತಾ ಹೋಗುತ್ತೇನೆ, ಎಷ್ಟಕ್ಕೆ ನಿಲ್ಲುತ್ತದೆ ಎಂದು ಬ್ಯಾಂಡಿನ ಯಾರಿಗೂ ಮೊದಲೇ ಗೊತ್ತಿರುವುದಿಲ್ಲ. ಅದೇ ಈಗ ನಮ್ಮ ಶೋದ ದೊಡ್ಡ ಹಾಡು.

ಮದ್ದಳೆಗೆ ಪಿಕಪ್ ಅಂಟಿಸಿ ಎಫೆಕ್ಟ್ಸ್ ಮೂಲಕ ಬಿಡುವ ಪ್ರಯೋಗವೂ ಮಾಡಿದೆವು. ಬೇಡ. ಮೂರು ಸಾವಿರ ಹೋಯಿತು, ಮದ್ದಳೆಯ ನಾದವೇ ಹೋಯಿತು.

ರೆಕಾರ್ಡಿಂಗ್ ಬಗ್ಗೆ ಸ್ವಲ್ಪ. ಮಂಗಳೂರಿನಲ್ಲಿ ಸ್ಟುಡಿಯೋ ಗಂಟೆಗೆ ಎಂಟುನೂರು, ಸಾವಿರ. ಡ್ರಮ್ಸಿಗೇ ಎರಡು ದಿನ ಬೇಕು. ನಮ್ಮ ಬೇಸಿಸ್ಟ್‌ನ ಮಾವನಿಗೆ ಅಡಿಕೆ ಗೋಡೌನ್ ಉಂಟು. ಒಂದು ರಾತ್ರಿ ಅಲ್ಲಿ ಡ್ರಮ್ಸ್ ಇಟ್ಟು ಬಾರಿಸಿದೆವು. ಗೋಡೆಗೆ ತಾಗಿಸಿ ಮಾಡಿನ ತನಕ ಗೋಣಿ ಚೀಲ ಪೇರಿಸಿದ್ದರು. ಸದ್ದು ಎಷ್ಟು ಒಣ, ಎಷ್ಟು ಗಟ್ಟಿ ಅಂದರೆ, ಕಿಕ್ ಎದೆಗೆ ಬಂದು ಕೂರುತ್ತಿತ್ತು. ಹಾಲುಗಳಲ್ಲಿ ಸಿಗದ ಸ್ನೇರ್ ಅಲ್ಲಿ ಸಿಕ್ಕಿತು. ಮೂರು ಹಾಡು ಮುಗಿಸಿದೆವು. ಉಳಿದ ಎರಡಕ್ಕೆ ಮುಂದಿನ ವಾರ ಹೋದರೆ, ಅಡಿಕೆಗೆ ರೇಟ್ ಏರಿತು ಅಂತ ಮಾವ ಪೂರ್ತಿ ಮಾರಿಬಿಟ್ಟಿದ್ದರು! ಖಾಲಿ ಗೋಡೌನ್. ಒಂದು ಏಟು ಹೊಡೆದರೆ ನಾಲ್ಕು ಸಲ ಕೇಳುತ್ತದೆ. ಹಾಗಂತ ಬಿಡಲಿಲ್ಲ. ಆ ಖಾಲಿ ಗೋಡೌನಿನಲ್ಲಿ ದೂರಕ್ಕೆ ಎರಡು ಮೈಕ್ ಇಟ್ಟು ನಿಧಾನದ ಹಾಡನ್ನು ಹಿಡಿದೆವು. ಆ ಹಾಡಿನ ಡ್ರಮ್ಸ್ ಯಾವ ಸ್ಟುಡಿಯೋದ್ದು ಅಂತ ಈಗಲೂ ಕೇಳುತ್ತಾರೆ. ಈಗ ಹಾಡಿಗೆ ತಕ್ಕ ಹಾಗೆ ಗೋಡೌನಿನ ಸ್ಟಾಕ್ ನೋಡಿ ರೆಕಾರ್ಡಿಂಗ್ ಇಟ್ಟುಕೊಳ್ಳುತ್ತೇವೆ. ಸಾಫ್ಟ್‌ವೇರ್ ರೀಪರ್, ಲೈಸೆನ್ಸಿಗೆ 60 ಡಾಲರ್. ಇಡೀ ಐದು ಹಾಡಿಗೆ ಖರ್ಚು 35 ಸಾವಿರ ದಾಟಲಿಲ್ಲ, ಅದರಲ್ಲಿ ಹೆಚ್ಚಿನದು ಮಾಸ್ಟರಿಂಗಿಗೆ ಕೊಟ್ಟದ್ದು.

ಹಾಡುಗಳ ಸಾಲು ಹೇಗೆ ಜೋಡಿಸುತ್ತೇನೆ ಅಂತ ಎಲ್ಲರೂ ಕೇಳುತ್ತಾರೆ. ಮೊದಲ ವರ್ಷ ಪ್ರತಿ ಹತ್ತು ಹಾಡಿಗೆ ಎರಡು ನಮ್ಮದು, ಉಳಿದವು ಜನರಿಗೆ ಗೊತ್ತಿರುವವು. ಎರಡನೇ ವರ್ಷ ನಾಲ್ಕು. ಈಗ ಏಳೆಂಟು. ಶುರು ಯಾವಾಗಲೂ ದೇವರ ಹಾಡು, ಆ ಊರಿನ ದೇವರದ್ದೇ, ಗಣಪತಿ ಇದ್ದರೆ ಗಣಪತಿ, ದೇವಿ ಇದ್ದರೆ ದೇವಿ. ಶುದ್ಧವಾಗಿ ಹಾಡುತ್ತೇನೆ, ಗಿಟಾರ್ ಕ್ಲೀನ್ ಇರುತ್ತದೆ. ಹಿರಿಯರು ಅಲ್ಲೇ ಕೂತುಬಿಡುತ್ತಾರೆ. ಎರಡನೆಯದು ಟಿವಿಯಲ್ಲಿ ಹಾಡಿದ್ದು. ಮೂರನೆಯದರಲ್ಲಿ ಒಂದು ಕೆಲಸ ಮಾಡುತ್ತೇವೆ, ಅದರಿಂದಲೇ ಜನ ಅಪರಿಚಿತ ಹಾಡಿಗೂ ಕಿವಿ ಕೊಡಲು ಶುರು ಮಾಡುವುದು. ಅದನ್ನು ಬರೆಯುವುದಿಲ್ಲ. ಶೋಗೆ ಬಂದರೆ ನಿಮಗೇ ಕಾಣುತ್ತದೆ. ಮಧ್ಯದಲ್ಲಿ ತುಳುವಿನಲ್ಲಿ ಒಂದು, ಮಲಯಾಳಂನಲ್ಲಿ ಒಂದು. ಇದು ಲೆಕ್ಕಾಚಾರ ಅಲ್ಲ. ನಮ್ಮ ಡ್ರಮ್ಮರ್‌ನ ಮನೆಮಾತು ಮಲಯಾಳಂ, ಬೇಸಿಸ್ಟ್‌ನದ್ದು ತುಳು, ರಿಹರ್ಸಲ್‌ನಲ್ಲಿ ಮೂರೂ ಭಾಷೆ ಒಟ್ಟಿಗೇ ನಡೆಯುತ್ತದೆ. 1956ರಲ್ಲಿ ಕಾಸರಗೋಡನ್ನು ಕೇರಳಕ್ಕೆ ಸೇರಿಸಿ ಗೆರೆ ಎಳೆದವರು ಎಳೆದರು, ನಮ್ಮ ಬಾಯಿಗೆ ಗೆರೆ ಇಲ್ಲ. ಆದರೆ ಸ್ವಂತ ಹಾಡು ನಾನು ಬರೆಯುವುದು ಕನ್ನಡದಲ್ಲೇ. ಇಲ್ಲಿ ಕನ್ನಡ ಶಾಲೆಗೆ ಹೋಗುವ ಮಕ್ಕಳು ಕಲೋತ್ಸವದಲ್ಲಿ ಕನ್ನಡ ಪದ್ಯ ಹೇಳುತ್ತಾರೆ, ಯಕ್ಷಗಾನಕ್ಕೆ ಗೆಜ್ಜೆ ಕಟ್ಟುತ್ತಾರೆ. ಮನೆಗೆ ಬಂದು ಇಂಗ್ಲಿಷ್, ಕೊರಿಯನ್ ಹಾಡು ಕೇಳುತ್ತಾರೆ. ಅವರಿಗೆ ಬೇಕಾದ ಸದ್ದಿನಲ್ಲಿ ಅವರ ಭಾಷೆಯ ಹಾಡು ಯಾರಾದರೂ ಮಾಡಬೇಕಿತ್ತು. ಈ ವರ್ಷ ನೀರ್ಚಾಲು ಕಡೆಯ ಒಂದು ಶೋದಲ್ಲಿ ಎಂಟನೇ ಕ್ಲಾಸಿನ ಹುಡುಗಿಯೊಬ್ಬಳು ನೋಟ್‌ಪುಸ್ತಕ ತಂದು ತೋರಿಸಿದಳು. ನಮ್ಮ ಹಾಡು ಪೂರ್ತಿ ಬರೆದಿದ್ದಳು, ಒಂದು ಕಡೆ ನನ್ನ ಶಬ್ದಕ್ಕಿಂತ ಒಳ್ಳೆಯ ಶಬ್ದ ಅವಳೇ ಹಾಕಿದ್ದಳು. ಈಗ ನಾನು ಹಾಡುವುದು ಅವಳ ಶಬ್ದ.

ಈಗಿನ ಲೆಕ್ಕ ಹೇಳುತ್ತೇನೆ. ಊರಿನ ಶೋಗೆ 45ರಿಂದ 60 ಸಾವಿರ, ಮಂಗಳೂರು ಕಡೆಗೆ 80ರ ತನಕ. ಮೈಕಿನವರ ಖರ್ಚು ಸಮಿತಿಯದ್ದು. ಪಿಕಪ್, ಊಟ, ಸಹಾಯಕ ಹುಡುಗ ಅಂತ ಎಂಟು ಸಾವಿರ ತೆಗೆದು, ಉಳಿದದ್ದನ್ನು ಆರು ಪಾಲು. ಐದು ಜನರಿಗೆ ಐದು, ಆರನೆಯದು ಬ್ಯಾಂಡಿನ ಡಬ್ಬಿಗೆ. ನನಗೂ ಒಂದೇ ಪಾಲು. ಗೆದ್ದವನು ನಾನು ಅಂತ ಜಾಸ್ತಿ ಹಿಡಿದಿದ್ದರೆ ಇವರಲ್ಲಿ ಒಬ್ಬನೂ ಉಳಿಯುತ್ತಿರಲಿಲ್ಲ, ಅದು ಖಂಡಿತ. ಸ್ಟ್ರೀಮಿಂಗ್‌ನಿಂದ ವರ್ಷಕ್ಕೆ ಬರುವುದು ಒಂದು ಗಿಟಾರ್ ಸ್ಟ್ರಿಂಗ್ಸ್‌ನ ಖರ್ಚಿಗೆ ಸರಿ. ಹಾಡು ಬರೆದವರ ರಾಯಲ್ಟಿ ವಸೂಲು ಮಾಡುವ ಕಾಪಿರೈಟ್ ಸೊಸೈಟಿ ಐಪಿಆರ್‌ಎಸ್‌ಗೆ ಸದಸ್ಯನಾಗಿ ಹಾಡುಗಳನ್ನು ನೋಂದಾಯಿಸಿದ್ದೇನೆ, ಸ್ವಂತ ಹಾಡು ಇರುವ ಎಲ್ಲರೂ ಮಾಡಿ. ಜಿಎಸ್‌ಟಿ ನೋಂದಣಿಯ ಮಿತಿ ಸೇವೆಗೆ ವರ್ಷಕ್ಕೆ 20 ಲಕ್ಷ, ನಾವು ಅದರ ಅಂಚಿಗೆ ಬಂದಿದ್ದೇವೆ. ಹಾಗಾಗಿ ಈಗಲೇ ಬಿಲ್ ಪುಸ್ತಕ ಸರಿ ಇಟ್ಟುಕೊಂಡಿದ್ದೇನೆ. ಅಕ್ಕನ ಸಾಲ ಹೋದ ವರ್ಷ ತೀರಿತು. ಜೂನ್‌ನಿಂದ ಸೆಪ್ಟೆಂಬರ್ ತನಕ ಶೋ ಇಲ್ಲ, ಆಗ ಕುಂಬಳೆಯಲ್ಲಿ ಗಿಟಾರ್ ಕ್ಲಾಸ್, ಗೋಡೌನಿನಲ್ಲಿ ರೆಕಾರ್ಡಿಂಗ್.

ಮುಂದಿನ ಸೀಸನ್‌ಗೆ ಇಡೀ ಒಂದೂವರೆ ಗಂಟೆ ನಮ್ಮದೇ ಹಾಡಿನ ಶೋ ಮಾಡುವ ಆಸೆ ಉಂಟು, ಎರಡು ಸಮಿತಿಯವರು ಆಗಲೇ ಹೂಂ ಅಂದಿದ್ದಾರೆ. ಈ ವರ್ಷ ಆಡಿಷನ್‌ಗೆ ಹೊರಟಿರುವ ಕಾಸರಗೋಡಿನ ಮಕ್ಕಳು ಯಾರಾದರೂ ಇದ್ದರೆ, ಕಾಂಟ್ರಾಕ್ಟ್ ಕೈಗೆ ಸಿಕ್ಕಿದ ದಿನವೇ ನನ್ನ ಹತ್ತಿರ ತನ್ನಿ. ಸಾಲು ಸಾಲು ಓದಿ ಹೇಳುತ್ತೇನೆ, ವಕೀಲರ ಹತ್ತಿರವೂ ಕರೆದುಕೊಂಡು ಹೋಗುತ್ತೇನೆ. ಬ್ಯಾಂಡ್ ಕಟ್ಟುವ, ಸೌಂಡ್ ಕಲಿಯುವ ಮಾತಾದರೆ ಪತ್ತನಾಜೆ ಕಳೆದ ಮೇಲೆ ಬನ್ನಿ. ಅಷ್ಟರ ತನಕ ರಾತ್ರಿ ಪುರುಸೊತ್ತಿಲ್ಲ, ಹಗಲು ನಿದ್ದೆ.